ಮೂರು ರಾತ್ರಿಯ ಕ್ರೂಸ್, ಏಳು ರಾತ್ರಿಯ ಕ್ರೂಸ್: ಬೆಂಗಳೂರಿನಿಂದ ಹೊರಡುವವರ ಲೆಕ್ಕ

ಕ್ರೂಸ್ ಮಾರುವವರು ರಾತ್ರಿಗಳ ಲೆಕ್ಕ ಹೇಳುತ್ತಾರೆ, ಹಗಲಿನ ಲೆಕ್ಕ ಹೇಳುವುದಿಲ್ಲ. ಮೂರು ರಾತ್ರಿಯ ಪ್ಯಾಕೇಜ್ ತಗೊಳ್ಳಿ. ಮೊದಲ ದಿನ ಚೆಕ್‌ಇನ್ ಸಾಲು, ಸುರಕ್ಷತಾ ಡ್ರಿಲ್, ಕ್ಯಾಬಿನ್ ಹುಡುಕಾಟದಲ್ಲಿ ಮುಗಿಯುತ್ತದೆ. ಕೊನೆಯ ದಿನ ಬೆಳಗ್ಗೆ ತಿಂಡಿ ತಿಂದು ಇಳಿಯಬೇಕು. ಪೂರ್ತಿ ಕೈಗೆ ಸಿಗುವುದು ಎರಡೇ ಹಗಲು. ಏಳು ರಾತ್ರಿಯದರಲ್ಲಿ ಆರು ಹಗಲು ಸಿಗುತ್ತವೆ. ಅಂದರೆ ರಾತ್ರಿಗಳು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಹಗಲುಗಳು ಮೂರು ಪಟ್ಟು.

ಸಮುದ್ರವಿಲ್ಲದ ಊರಿನವರಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು. ಮುಂಬೈಯವರು ಟ್ಯಾಕ್ಸಿ ಹಿಡಿದು ಬಂದರಿಗೆ ಹೋಗಿ ಗೋವಾ ಕಡೆಗೋ ಲಕ್ಷದ್ವೀಪದ ಕಡೆಗೋ ಹೊರಡುವ ಹಡಗು ಹತ್ತಬಹುದು. ನಮಗೆ ಮೊದಲು ಜಯನಗರದಿಂದ ದೇವನಹಳ್ಳಿ ಮುಟ್ಟುವುದೇ ಒಂದು ಪ್ರಯಾಣ. ಇನ್ನೊಂದು ತಮಾಷೆ ನೋಡಿ. ನವ ಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಅದರಲ್ಲಿ ಬಂದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ಎಲ್ಲ ನೋಡಿಕೊಂಡು ಹೋಗುತ್ತಾರೆ. ಹಡಗು ಹತ್ತಲು ನಾವು ಮಾತ್ರ ಇನ್ನೊಂದು ರಾಜ್ಯಕ್ಕೋ ಇನ್ನೊಂದು ದೇಶಕ್ಕೋ ಹಾರಬೇಕು.

ನಾವು ಎರಡೂ ಬಗೆ ನೋಡಿದ್ದೇವೆ. ಅಮ್ಮ ಮತ್ತು ಮಕ್ಕಳ ಜೊತೆ ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್‌ಗೆ ಹೋಗಿ ಬರುವ ಮೂರು ರಾತ್ರಿ. ಆಮೇಲೆ ನಾನು, ನನ್ನ ಹೆಂಡತಿ ಇಬ್ಬರೇ ಸ್ಪೇನಿನ ಬಾರ್ಸಿಲೋನಾದಿಂದ ಹೊರಟು ಫ್ರಾನ್ಸಿನ ಮಾರ್ಸೇ, ಇಟಲಿಯ ಜಿನೋವಾ, ಚಿವಿತಾವೆಕ್ಕಿಯಾ, ಪಾಲೆರ್ಮೊ ಸುತ್ತಿ ಬಾರ್ಸಿಲೋನಾಕ್ಕೇ ಮರಳುವ ಏಳು ರಾತ್ರಿ. ಸಮುದ್ರ ಬೇರೆ, ಹಡಗು ಬೇರೆ. ಆದರೂ ಯಾವುದು ಉದ್ದದ ಗುಣ, ಯಾವುದು ಊರಿನ ಗುಣ ಅಂತ ಸುಮಾರಾಗಿ ಗೊತ್ತಾಗುತ್ತದೆ.

ಚಿಕ್ಕ ಕ್ರೂಸ್‌ನಲ್ಲಿ ಹಡಗೇ ಊರು. ಎರಡು ಹಗಲಿನಲ್ಲಿ ಎಲ್ಲರಿಗೂ ಎಲ್ಲವೂ ಬೇಕು. ನೀರಿನ ಜಾರುಬಂಡೆ, ಸಂಜೆಯ ಶೋ, ಈಜುಕೊಳದ ಪಕ್ಕದ ಕುರ್ಚಿ, ಎಲ್ಲಿ ನೋಡಿದರೂ ಜನ. ಒಳ್ಳೆಯ ಮದುವೆಮನೆಯ ಗಲಾಟೆ ಅದು. ಮಕ್ಕಳಿಗೆ ಅದೇ ಖುಷಿ. ಬಂದರಿಗೆ ಇಳಿಯುವುದೇ ಬೇಡ ಅಂತ ಹಟ ಹಿಡಿದರು. ಅಮ್ಮನಿಗೆ ಮಾತ್ರ ಪೆನಾಂಗ್ ಇಷ್ಟವಾಯಿತು. ಅಲ್ಲಿ ಹಡಗು ನಿಲ್ಲುವುದು ಜಾರ್ಜ್‌ಟೌನ್ ಊರಿನ ಅಂಚಿನಲ್ಲೇ. ನಿಧಾನವಾಗಿ ನಡೆದರೂ ಲಿಟಲ್ ಇಂಡಿಯಾ ಸಿಗುತ್ತದೆ. 1833ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ ಅಲ್ಲೇ ಇದೆ. ಕೈಮುಗಿದು, ಪಕ್ಕದ ಹೋಟೆಲಿನಲ್ಲಿ ದೋಸೆ ತಿಂದು, ಬಿಸಿಲು ಏರುವ ಮೊದಲೇ ಹಡಗಿಗೆ ವಾಪಸ್. ವಯಸ್ಸಾದವರಿಗೆ ಇದಕ್ಕಿಂತ ಜಾಸ್ತಿ ಬೇಡ.

ಉದ್ದದ ಕ್ರೂಸ್‌ನಲ್ಲಿ ಹಡಗು ಬರೀ ವಸತಿ. ರಾತ್ರಿ ಮಲಗಿದರೆ ಬೆಳಗ್ಗೆ ಬೇರೆ ಊರು. ಸೂಟ್‌ಕೇಸ್ ಒಂದೇ ಸಲ ಬಿಚ್ಚಿದರೆ ಆಯಿತು. ಕೇಳುವುದಕ್ಕೆ ಚೆನ್ನಾಗಿದೆ, ನಿಜಕ್ಕೂ ಚೆನ್ನಾಗಿದೆ, ಆದರೆ ಸುಸ್ತು. ಚಿವಿತಾವೆಕ್ಕಿಯಾದಿಂದ ರೋಮ್ 70 ಕಿಲೋಮೀಟರಿಗೂ ದೂರ. ಬಂದರಿನಿಂದ ಸ್ಟೇಷನ್, ಅಲ್ಲಿಂದ ಸುಮಾರು ಒಂದು ಗಂಟೆ ರೈಲು, ಕೊಲೊಸಿಯಂ ಮುಂದೆ ಒಂದು ಫೋಟೊ, ಮತ್ತೆ ಗಡಿಯಾರ ನೋಡುತ್ತಾ ರೈಲು. ರೋಮ್ ನೋಡಿದೆವು ಅನ್ನುವುದಕ್ಕಿಂತ ರೋಮಿನಲ್ಲಿ ಓಡಿದೆವು ಅನ್ನಬೇಕು. ಹೆಸರೇ ಕೇಳಿರದಿದ್ದ ಪಾಲೆರ್ಮೊ ನಮಗೆ ಹೆಚ್ಚು ಹಿಡಿಸಿತು. ಜಿನೋವಾ ಕೂಡ ಹಾಗೇ. ಎರಡು ಕಡೆಯೂ ಹಡಗಿನಿಂದ ಇಳಿದು ನಡೆದರೆ ಹಳೇ ಪೇಟೆ, ಸಂದಿಗಳು, ಕಾಫಿ. ಸಾಕಾದರೆ ವಾಪಸ್ ಬಂದು ಮಲಗಬಹುದು. ಉದ್ದದ ಕ್ರೂಸ್ ಆರಿಸುವಾಗ ಊರಿನ ಹೆಸರು ನೋಡಬೇಡಿ. ಬಂದರಿನಿಂದ ಊರು ಎಷ್ಟು ದೂರ ಅಂತ ನೋಡಿ. ಅದೇ ದಿನದ ಗತಿ ನಿರ್ಧರಿಸುತ್ತದೆ.

ಬಂದರಿಲ್ಲದ, ಇಡೀ ದಿನ ಸಮುದ್ರದಲ್ಲೇ ಇರುವ ದಿನ ಬಂದಾಗ ಏಳು ರಾತ್ರಿಯ ರುಚಿ ಗೊತ್ತಾಯಿತು. ಅಷ್ಟು ಹೊತ್ತಿಗೆ ಲಿಫ್ಟ್ ಎಲ್ಲಿ, ಗಾಳಿ ಕಡಿಮೆ ಇರುವ ಡೆಕ್ ಯಾವುದು, ಬಫೆ ಯಾವಾಗ ಖಾಲಿ ಇರುತ್ತದೆ ಎಲ್ಲ ತಿಳಿದಿರುತ್ತದೆ. ಸುಮ್ನೆ ಕೂತು ನೀರು ನೋಡಬಹುದು. ಮೂರು ರಾತ್ರಿಯಲ್ಲಿ ಈ ನಕ್ಷೆ ತಲೆಗೆ ಹತ್ತುವ ಹೊತ್ತಿಗೆ, ಬ್ಯಾಗ್ ಕಟ್ಟಿ ಕ್ಯಾಬಿನ್ ಬಾಗಿಲ ಹೊರಗೆ ಇಡಿ ಅಂತ ಚೀಟಿ ಬಂದಿರುತ್ತದೆ.

ಹೊಟ್ಟೆ ತೊಳಸುವ ವಿಷಯವೂ ಇದೇ ಥರ. ಹಡಗಿನ ಓಲಾಟಕ್ಕೆ ದೇಹ ಒಗ್ಗಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಚಿಕ್ಕ ಪ್ರಯಾಣದಲ್ಲಿ ಒಗ್ಗುವ ಹೊತ್ತಿಗೆ ಇಳಿಯುತ್ತೀರಿ. ಆದರೆ ಸಿಂಗಪುರದಿಂದ ಪೆನಾಂಗ್‌ಗೆ ಹೋಗುವ ದಾರಿ ಮಲಕ್ಕಾ ಜಲಸಂಧಿ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲೇಷ್ಯಾ, ನಡುವೆ ನೀರು ಹೆಚ್ಚಾಗಿ ಶಾಂತ. ಅಮ್ಮನಿಗೆ ಏನೂ ಆಗಲಿಲ್ಲ. ಬಾರ್ಸಿಲೋನಾ ಮತ್ತು ಮಾರ್ಸೇ ನಡುವಿನ ಲಯನ್ ಕೊಲ್ಲಿ ಹಾಗಲ್ಲ. ರೋನ್ ಕಣಿವೆಯಿಂದ ಮಿಸ್ಟ್ರಾಲ್ ಅನ್ನುವ ಗಾಳಿ ಅಲ್ಲಿಗೆ ನುಗ್ಗುತ್ತದೆ. ಮೊದಲ ರಾತ್ರಿಯೇ ನನ್ನ ಹೆಂಡತಿ ಊಟ ಬಿಟ್ಟು ಮಲಗಿದಳು. ಮೂರನೇ ದಿನದಿಂದ ಐಸ್‌ಕ್ರೀಮ್ ಕೌಂಟರ್ ಬಿಟ್ಟು ಕದಲಲಿಲ್ಲ. ಕ್ರೂಸ್ ಎಷ್ಟು ರಾತ್ರಿಯದಾದರೂ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ಕೇಳಿ. ಅಲ್ಲಿ ಓಲಾಟ ಕಡಿಮೆ.

ಊಟದಲ್ಲಿ ಚಿಕ್ಕದಕ್ಕೇ ಗೆಲುವು. ಸಿಂಗಪುರದ ಹಡಗಿನಲ್ಲಿ ಭಾರತೀಯರೇ ಅಷ್ಟೊಂದು ಇದ್ದರು, ಸಸ್ಯಾಹಾರದ ಕೌಂಟರಿನಲ್ಲಿ ಅನ್ನ, ಸಾಂಬಾರ್, ಮೊಸರು ಎಲ್ಲ ಇತ್ತು. ಯುರೋಪಿನ ಹಡಗಿನಲ್ಲಿ ಸಸ್ಯಾಹಾರ ಅಂದರೆ ಪಾಸ್ತಾ, ಪಿಜ್ಜಾ, ಸಲಾಡ್, ಮತ್ತೆ ಪಾಸ್ತಾ. ಎರಡು ದಿನ ಹಬ್ಬ, ನಾಲ್ಕನೇ ದಿನ ಬೇಜಾರು. ಕೊನೆಗೆ ಪಾಸ್ತಾ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಅದು ಚೆನ್ನಾಗಿಯೇ ಇರುತ್ತದೆ.

ದುಡ್ಡಿನ ವಿಷಯ. ಒಂದು ರಾತ್ರಿಗೆ ಇಷ್ಟು ಅಂತ ಭಾಗಿಸಿದರೆ ಉದ್ದದ್ದು ಸಾಮಾನ್ಯವಾಗಿ ಅಗ್ಗ. ವಿಮಾನದ ಟಿಕೆಟ್ ಮೂರು ರಾತ್ರಿಗೂ ಅಷ್ಟೇ, ಏಳಕ್ಕೂ ಅಷ್ಟೇ. ಆದರೆ ಟಿಪ್ಸ್, ವೈಫೈ, ಪಾನೀಯ ಇವೆಲ್ಲ ದಿನದ ಲೆಕ್ಕದಲ್ಲಿ ಏರುತ್ತವೆ. ಎಷ್ಟೋ ಹಡಗುಗಳಲ್ಲಿ ಟಿಪ್ಸ್ ಅಂತ ಒಬ್ಬರಿಗೆ ಒಂದು ರಾತ್ರಿಗೆ 15 ಡಾಲರ್ ಆಸುಪಾಸು ಬಿಲ್ಲಿಗೆ ತಾನಾಗಿ ಸೇರುತ್ತದೆ. ಇಬ್ಬರಿಗೆ ಏಳು ರಾತ್ರಿ ಅಂದರೆ 210 ಡಾಲರ್. ಬುಕ್ ಮಾಡುವಾಗ ಇದು ಕಣ್ಣಿಗೆ ಬೀಳುವುದಿಲ್ಲ. ಹಡಗು ದಡ ಬಿಟ್ಟ ಮೇಲೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ಬಿಲ್ಲು ನೋಡಿ ಗಾಬರಿಯಾಗುತ್ತದೆ.

ವೀಸಾ ಕೆಲಸ ಚಿಕ್ಕದರಲ್ಲಿ ಹಗುರ. ಮಲೇಷ್ಯಾಕ್ಕೆ 2023ರ ಡಿಸೆಂಬರ್‌ನಿಂದ ನಮಗೆ ವೀಸಾ ಬೇಡ. ಸಿಂಗಪುರದ ವೀಸಾ ಮಾತ್ರ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದೇ ಇರಬೇಕು. ಯಾಕೆಂದರೆ ಹಡಗು ಹತ್ತಿದರೆ ದೇಶ ಬಿಟ್ಟ ಹಾಗೆ, ಇಳಿದರೆ ಮತ್ತೆ ಒಳಗೆ ಬಂದ ಹಾಗೆ. ಯುರೋಪಿನ ಆ ದೇಶಗಳಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ವಿಮೆ, ಹಡಗಿನ ಬುಕಿಂಗ್, ಬೆರಳಚ್ಚು ಎಲ್ಲ ಬೇಕು. ಬೇಸಿಗೆ ರಜೆಗೆ ಹೋಗುವುದಾದರೆ ತಿಂಗಳುಗಳ ಮೊದಲೇ ಅಪಾಯಿಂಟ್‌ಮೆಂಟ್ ಹಿಡಿಯಬೇಕು.

ನನ್ನನ್ನು ಕೇಳಿದರೆ, ಹಿರಿಯರು ಅಥವಾ ಚಿಕ್ಕ ಮಕ್ಕಳು ಜೊತೆಗಿದ್ದರೆ ಚಿಕ್ಕದು. ಇಬ್ಬರೇ ಆದರೆ, ರಜೆ ಸಿಕ್ಕಿದರೆ, ಉದ್ದದ್ದು. ಆದರೆ ಶನಿವಾರ, ಭಾನುವಾರಕ್ಕೆ ಒಂದು ದಿನ ರಜೆ ಸೇರಿಸಿ ಮೂರು ರಾತ್ರಿ ಮುಗಿಸಿ ಬರ್ತೀನಿ ಅನ್ನುವವರಿಗೆ ಒಂದು ಮಾತು. ಹಡಗು ಹೊರಡುವ ದಿನವೇ ಬೆಂಗಳೂರಿನಿಂದ ಹಾರಬೇಡಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿನ ದಿನವೇ ಹೋಗಿ ಅಲ್ಲಿ ಒಂದು ರಾತ್ರಿ ಹೋಟೆಲಿನಲ್ಲಿ ಉಳಿಯಬೇಕು. ಏಳು ರಾತ್ರಿಗೆ ಆ ಒಂದು ದಿನ ಲೆಕ್ಕಕ್ಕೇ ಬರುವುದಿಲ್ಲ. ಮೂರು ರಾತ್ರಿಗೆ ಅದನ್ನೂ ಸೇರಿಸಿದರೆ, ಎರಡು ಹಗಲಿಗೋಸ್ಕರ ಐದು ದಿನ ಊರು ಬಿಟ್ಟಿರಬೇಕು.