ಮಂಡಿ ಆಪರೇಷನ್ ಆದವರಿಗೆ ಕ್ರೇಪ್ ಬ್ಯಾಂಡೇಜ್ ಬಿಗಿಯುವ ಮುಂಚೆ ಓದಿ

ಮಂಡಿ ಬದಲಿಸುವ ಆಪರೇಷನ್ ಆದಮೇಲೆ ಊತ ಮಾಮೂಲಿ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಅದನ್ನು ಇಳಿಸ್ತೀವಿ ಅಂತ ಕ್ರೇಪ್ ಬ್ಯಾಂಡೇಜನ್ನು (ಎಳೆದರೆ ಹಿಗ್ಗುವ ಬಟ್ಟೆಪಟ್ಟಿ) ಮಂಡಿಗೆ ಮಾತ್ರ ಬಿಗಿಯಾಗಿ ಸುತ್ತಲು ಯಾರಿಗೂ ಬಿಡಬೇಡಿ. ನಮ್ಮ ಅಮ್ಮನಿಗೆ ಆಗಿದ್ದು ಇದೇ.

ಶಿವಮೊಗ್ಗದಲ್ಲಿ ಆಪರೇಷನ್ ಚೆನ್ನಾಗೇ ಆಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಕ್ರೇಪ್ ಬ್ಯಾಂಡೇಜ್’ ಅಂತ ಒಂದೇ ಸಾಲು. ಎಲ್ಲಿಂದ ಎಲ್ಲಿವರೆಗೆ, ಎಷ್ಟು ಬಿಗಿ, ರಾತ್ರಿ ಬಿಚ್ಚಬೇಕಾ, ಒಂದೂ ಇಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದಮೇಲೆ ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದವರು "ಬಿಗಿ ಇದ್ದಷ್ಟೂ ಬೇಗ ಇಳಿಯುತ್ತೆ ಅಮ್ಮಾ" ಅಂತ ಮಂಡಿ ಸುತ್ತ ಎಳೆದೆಳೆದು ಕಟ್ಟಿ ಹೋದರು. ಸಂಜೆಗೆ ಪಾದ ಊದಿ ಕಡುಬಿನ ಹಾಗಾಗಿತ್ತು. "ಕಾಲು ಜೋಮು ಹಿಡಿದಿದೆ ಕಣೋ" ಅಂತ ಅಮ್ಮ ಹೇಳಿದರೆ, ನೋಡಲು ಬಂದ ನೆಂಟರೆಲ್ಲ ಆಪರೇಷನ್ ಅಂದಮೇಲೆ ಇರುತ್ತೆ ಬಿಡಿ ಅನ್ನೋರೇ. ಬೆಳಿಗ್ಗೆ ಬೆರಳು ತಣ್ಣಗೆ, ಉಗುರು ನೀಲಿ. ಬ್ಯಾಂಡೇಜ್ ಜಾರಿ, ಮಂಡಿಯ ಕೆಳಗೆ ಸುರುಳಿ ಸುತ್ತಿಕೊಂಡು ಚರ್ಮದಲ್ಲಿ ಹೂತಿತ್ತು. ಹೆಬ್ಬೆರಳು ಮೇಲೆತ್ತಮ್ಮ ಅಂದರೆ ಎತ್ತೋಕೇ ಆಗಲಿಲ್ಲ.

ಆ ಮಳೆಯಲ್ಲೇ ಮತ್ತೆ ಶಿವಮೊಗ್ಗಕ್ಕೆ. ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿದರು, ರಕ್ತ ಹೆಪ್ಪುಗಟ್ಟಿರಲಿಲ್ಲ, ಪುಣ್ಯ. ಮಂಡಿಯ ಹೊರಬದಿಯಲ್ಲಿ ಸ್ವಲ್ಪ ಕೆಳಗೆ ಕೈಗೆ ಸಿಗುವ ಮೂಳೆಯ ಗಂಟನ್ನು ಡಾಕ್ಟರು ಮುಟ್ಟಿ ತೋರಿಸಿದರು. ಪಾದ ಎತ್ತುವ ನರ ಅಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತದಂತೆ, ಒತ್ತಡ ಬಿದ್ದರೆ ಪಾದ ಜೋತುಬೀಳುತ್ತದೆ. ಮೇಲೆ ಬಿಗಿದರೆ ಕೆಳಗಿನ ರಕ್ತ ವಾಪಸ್ ಹೋಗಲು ಜಾಗ ಇಲ್ಲ, ಪಾದ ಊದದೆ ಇನ್ನೇನು? ಸರಿಹೋಗಲು ವಾರಗಟ್ಟಲೆ ಹಿಡಿಯಿತು, ಫಿಸಿಯೋಥೆರಪಿ ಖರ್ಚು ಬೇರೆ.

ಕಟ್ಟಲು ಡಾಕ್ಟರು ಹೇಳಿದ್ದರೆ ಪಾದದಿಂದ ಶುರು ಮಾಡಿ ತೊಡೆವರೆಗೆ ಹೋಗಬೇಕು. ಕೆಳಗೆ ಸ್ವಲ್ಪ ಬಿಗಿ, ಮೇಲೆ ಹೋದಂತೆ ಸಡಿಲ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಬೇಕು. ಬೆರಳುಗಳು ಹೊರಗೆ ಕಾಣುತ್ತಿರಲಿ. ಜೋಮು, ತಣ್ಣಗಾಗುವುದು, ಬಣ್ಣ ಬದಲಾಗುವುದು ಕಂಡರೆ ಮೊದಲು ಬಿಚ್ಚಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದಲ್ಲಿ ನೋವೇ ಗೊತ್ತಾಗದೆ ಇರಬಹುದು, ಅವರು ಹೇಳಲಿ ಅಂತ ಕಾಯಬೇಡಿ. ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ ಬ್ಯಾಂಡೇಜ್ ಸರಿಮಾಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಅಮ್ಮನಿಗೆ ಊತ ಇಳಿದಿದ್ದು ಹಿಮ್ಮಡಿ ಕೆಳಗೆ ದಿಂಬಿಟ್ಟು ಕಾಲನ್ನು ಎದೆಗಿಂತ ಎತ್ತರದಲ್ಲಿ ಇಟ್ಟಿದ್ದಕ್ಕೆ, ಪಾದ ಹಿಂದೆ ಮುಂದೆ ಆಡಿಸಿದ್ದಕ್ಕೆ, ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ ಇಟ್ಟಿದ್ದಕ್ಕೆ. ಮಂಡಿಯ ಕೆಳಗೇ ದಿಂಬು ಇಡಬೇಡಿ, ಕಾಲು ಬಗ್ಗಿದಂತೇ ಬಿಗಿಯುತ್ತದೆ. ಡಿಸ್ಚಾರ್ಜ್ ದಿನ ನರ್ಸ್ ಹತ್ತಿರ ಒಮ್ಮೆ ನಿಮ್ಮೆದುರೇ ಕಟ್ಟಿಸಿ, ಮೊಬೈಲಲ್ಲಿ ವೀಡಿಯೋ ಮಾಡಿಕೊಳ್ಳಿ. ಕೇಳಿದರೆ ಯಾರೂ ಬೇಡ ಅನ್ನಲ್ಲ.