ಹಿಮದೂರಿನಲ್ಲಿ ವರ್ಷವಿಡೀ ಒಂದೇ ಸೆಟ್: ಯಾವ ಆಲ್-ಟೆರೇನ್ ಟೈರ್ ತೆಗೆದುಕೊಳ್ಳಬೇಕು?

ಡಾಂಬರು, ಕಚ್ಚಾ ರಸ್ತೆ ಎರಡಕ್ಕೂ ಮಾಡಿದ ಆಲ್-ಟೆರೇನ್ ಟೈರ್ ಹಿಮಕ್ಕೆ ಆಗಿಬರುತ್ತದೆ, ಮಂಜುಗಡ್ಡೆಗೆ ಅಲ್ಲ. ಈ ಮಾತು ಮನಸ್ಸಿನಲ್ಲಿದ್ದರೆ ಆಯ್ಕೆ ಅರ್ಧ ಮುಗಿದ ಹಾಗೆ. ಡೆನ್ವರ್, ಕ್ಯಾಲ್ಗರಿ, ಮಿನಿಯಾಪೊಲಿಸ್ ಕಡೆ ಇರುವವರಲ್ಲಿ ಎರಡು ಸೆಟ್ ಟೈರ್ ಇಡಲು ಜಾಗವಿಲ್ಲದವರು, ವರ್ಷಕ್ಕೆರಡು ಸಲ ಬದಲಿಸುವ ರಗಳೆ ಬೇಡ ಎನ್ನುವವರು ಇವುಗಳತ್ತ ನೋಡುವುದು ಸರಿಯೇ. ಆದರೆ ಅಂಗಡಿಗೆ ಹೋದಾಗ ಮೈಮೇಲೆ ದೊಡ್ಡ ದೊಡ್ಡ ರಬ್ಬರ್ ಗುಂಡಿಗಳು (ಟ್ರೆಡ್ ಬ್ಲಾಕ್) ಎದ್ದಿರುವ ಒರಟು ಟೈರ್ ಕಂಡು, ಅದೇ ಗ್ರಿಪ್ ಎಂದುಕೊಂಡು ಬಿಡುತ್ತಾರೆ. ಹಿಮದ ರಸ್ತೆಯಲ್ಲಿ ಕೆಲಸ ಮಾಡುವುದು ಗುಂಡಿಯ ಗಾತ್ರಕ್ಕಿಂತ ರಬ್ಬರ್‌ನ ಮಿಶ್ರಣ ಮತ್ತು ಗುಂಡಿಯ ಮೈಮೇಲಿನ ಸಣ್ಣ ಸೀಳುಗಳು.

ಮೊದಲು ಸೈಡ್‌ವಾಲ್, ಅಂದರೆ ಟೈರ್‌ನ ಪಕ್ಕದ ಮೈ, ಓದಿ. ಎಂ+ಎಸ್ (ಮಡ್ ಆ್ಯಂಡ್ ಸ್ನೋ, ಕೆಸರು ಮತ್ತು ಹಿಮ) ಎಂಬ ಅಕ್ಷರಗಳ ಹಿಂದೆ ಹಿಮದ ಪರೀಕ್ಷೆ ಯಾವುದೂ ಇಲ್ಲ. ಗುಂಡಿಗಳ ನಡುವಿನ ತೋಡು, ಖಾಲಿ ಜಾಗ ನಿಗದಿಯಷ್ಟಿದ್ದರೆ ಕಂಪನಿ ಅದನ್ನು ಅಚ್ಚು ಹಾಕಬಹುದು. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಗುರುತು ಬೇರೆ. ಅಮೆರಿಕ ಮತ್ತು ಕೆನಡಾದ ಟೈರ್ ಉದ್ಯಮ 1999ರಲ್ಲಿ ಇದನ್ನು ತಂದಿತು. ಗಟ್ಟಿಯಾಗಿ ಒತ್ತಿದ ಹಿಮದ ಮೇಲೆ, ಮಾನದಂಡವಾಗಿ ಇಟ್ಟುಕೊಂಡ ಟೈರ್‌ಗಿಂತ ಕನಿಷ್ಠ ಶೇ 10ರಷ್ಟು ಹೆಚ್ಚು ಎಳೆತ ತೋರಿಸಿದ ಟೈರ್‌ಗೆ ಮಾತ್ರ ಇದು ಸಿಗುತ್ತದೆ. ಆದರೆ ಇಲ್ಲಿ ಅಳೆಯುವುದು ಗಾಡಿ ಮುಂದಕ್ಕೆ ಚಿಮ್ಮುವ ಶಕ್ತಿಯನ್ನಷ್ಟೇ. ಬ್ರೇಕ್ ಹಾಕಿದಾಗ ಎಷ್ಟು ದೂರಕ್ಕೆ ನಿಲ್ಲುತ್ತದೆ, ತಿರುವಿನಲ್ಲಿ ಹೇಗೆ ನಡೆಯುತ್ತದೆ, ಮಂಜುಗಡ್ಡೆಯ ಮೇಲೆ ಏನು ಕತೆ ಎಂಬುದು ಆ ಗುರುತಿನಲ್ಲಿಲ್ಲ. ಹಾಗಾಗಿ ಗುರುತಿಲ್ಲದ ಟೈರ್ ಕೊಳ್ಳಬೇಡಿ, ಗುರುತಿದೆ ಎಂದಾಕ್ಷಣ ಚಳಿಗಾಲದ ಟೈರ್‌ಗೆ ಸಮ ಎಂದೂ ತಿಳಿಯಬೇಡಿ. ಇನ್ನೊಂದು ಎಚ್ಚರ: ಒಂದೇ ಹೆಸರಿನ ಮಾಡೆಲ್‌ನಲ್ಲೂ ಕೆಲವು ಅಳತೆಗಳಿಗೆ ಈ ಗುರುತು ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಜಾಹೀರಾತು ನಂಬದೆ ನಿಮ್ಮ ಗಾಡಿಗೆ ಬಂದಿರುವ ಟೈರ್‌ನ ಮೈಯನ್ನೇ ನೋಡಿ.

ಹಿಮ ಹಿಮಕ್ಕೆ ಚೆನ್ನಾಗಿ ಅಂಟುತ್ತದೆ. ಸೀಳುಗಳು ಹಿಮವನ್ನು ಕಚ್ಚಿ ಹಿಡಿದುಕೊಂಡರೆ, ಆ ಹಿಮವೇ ರಸ್ತೆಯ ಹಿಮವನ್ನು ಹಿಡಿಯುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಓಡಿಸಿದವರಿಗೆ ಟೈರ್ ತೋಡಿನ ಕೆಲಸ ಮಳೆನೀರು ಹೊರಹಾಕುವುದು. ಹಿಮದಲ್ಲಿ ಅದು ಒಂದಷ್ಟು ಹಿಮವನ್ನು ಉಳಿಸಿಕೊಳ್ಳಲೂಬೇಕು. ಉಷ್ಣಾಂಶ 7 ಡಿಗ್ರಿಗಿಂತ ಕೆಳಗೆ ಹೋದಂತೆ ಬೇಸಿಗೆ ಟೈರ್‌ನ ರಬ್ಬರ್ ಬಿರುಸಾಗುತ್ತದೆ, ಸೀಳುಗಳು ಬಾಯಿ ಬಿಡುವುದಿಲ್ಲ. ಒಳ್ಳೆಯ ಆಲ್-ಟೆರೇನ್‌ನಲ್ಲಿ ಸಿಲಿಕಾ ಹೆಚ್ಚು ಬೆರೆಸಿ ರಬ್ಬರ್ ಮೆತ್ತಗೇ ಉಳಿಯುವಂತೆ ಮಾಡಿರುತ್ತಾರೆ. ಕೊಳ್ಳುವ ಮೊದಲು ಸೀಳು ಎಷ್ಟು ಆಳಕ್ಕೆ ಇಳಿದಿದೆ ಎಂದು ಕಣ್ಣಿಟ್ಟು ನೋಡಿ. ಅರ್ಧಕ್ಕೇ ನಿಂತ ಸೀಳಾದರೆ, ಟೈರ್ ಅರ್ಧ ಸವೆಯುವಷ್ಟರಲ್ಲಿ ಹಿಮದ ಗ್ರಿಪ್ ಪೂರ್ತಿ ಹೋಗಿರುತ್ತದೆ, ಹೊರಗಿನಿಂದ ನೋಡಿದರೆ ಗುಂಡಿಗಳು ಮಾತ್ರ ಇನ್ನೂ ಎತ್ತರವಾಗಿಯೇ ಕಾಣುತ್ತವೆ.

ಈಗ ಟೈರ್‌ಗಳಿಗೆ ಬರೋಣ. ಟೊಯೊ ಓಪನ್ ಕಂಟ್ರಿ ಎ/ಟಿ 3 ಈ ಗುಂಪಿನಲ್ಲಿ ಹೆಚ್ಚು ಜನರಿಗೆ ಹೊಂದುವ ಟೈರ್. ಒದ್ದೆ ರಸ್ತೆ, ಹಿಮ, ಹೆದ್ದಾರಿ ಎಲ್ಲದರಲ್ಲೂ ಸಮವಾಗಿ ನಡೆದುಕೊಳ್ಳುತ್ತದೆ, ಸದ್ದು ಸಹಿಸುವಷ್ಟೇ ಇರುತ್ತದೆ. ಪ್ಯಾಸೆಂಜರ್ ಅಳತೆಗಳಿಗೆ 65,000 ಮೈಲಿ, ಎಲ್‌ಟಿ (ಲೈಟ್ ಟ್ರಕ್, ಹೆಚ್ಚು ಭಾರ ಹೊರುವ ಗಟ್ಟಿ ಬಗೆ) ಅಳತೆಗಳಿಗೆ 50,000 ಮೈಲಿ ವಾರಂಟಿ. ಟಕೋಮಾ, 4ರನ್ನರ್‌ನಂಥ ಗಾಡಿಯನ್ನು ದಿನವೂ ಕೆಲಸಕ್ಕೆ ಓಡಿಸುತ್ತ, ವಾರಾಂತ್ಯಕ್ಕೆ ಬೆಟ್ಟದ ಕಚ್ಚಾ ರಸ್ತೆ ಹತ್ತುವವರಿಗೆ ಮೊದಲ ಹೆಸರು ಇದೇ.

ಫಾಲ್ಕನ್ ವೈಲ್ಡ್‌ಪೀಕ್ ಎ/ಟಿ3ಡಬ್ಲ್ಯೂ ಹೊಸದಾಗಿ ಬಿದ್ದ ಆಳದ ಹಿಮದಲ್ಲಿ, ಕೆಸರು ಹಿಮದಲ್ಲಿ ಬಹಳ ಚೆನ್ನಾಗಿ ಎಳೆಯುತ್ತದೆ, ಬೆಲೆಯೂ ಹಿಡಿತದಲ್ಲಿದೆ. 55,000 ಮೈಲಿ ವಾರಂಟಿ. ತೂಕ ಹೆಚ್ಚು, ಅದಕ್ಕೇ ಮೈಲೇಜ್ ಇಳಿಯುತ್ತದೆ. ಇದರ ನಂತರ ಬಂದ ಎ/ಟಿ4ಡಬ್ಲ್ಯೂ ಇನ್ನೂ ಗಟ್ಟಿಮುಟ್ಟು. ಭಾರ ಎಳೆಯುವ ಪಿಕಪ್‌ಗೆ ಸರಿ, ಸಂಸಾರದ ಎಸ್‌ಯುವಿಗೆ ಅಷ್ಟು ಬೇಕಿಲ್ಲ. ರಾವ್4, ಔಟ್‌ಬ್ಯಾಕ್, ಸಿಆರ್-ವಿ ಇರುವವರು ಇವೆರಡನ್ನೂ ಬಿಟ್ಟು ಅದೇ ಮನೆತನದ ವೈಲ್ಡ್‌ಪೀಕ್ ಎ/ಟಿ ಟ್ರೇಲ್ ನೋಡಲಿ. ಕ್ರಾಸ್‌ಓವರ್‌ಗಳಿಗೆಂದೇ ಹಗುರವಾಗಿ ಮಾಡಿದ್ದು, ಹಿಮದ ಹರಳಿನ ಗುರುತಿದೆ, 65,000 ಮೈಲಿ ವಾರಂಟಿಯೂ ಇದೆ.

ಬಿಎಫ್‌ಗುಡ್‌ರಿಚ್ ಕೆಓ2 ಹೆಸರು ಎಲ್ಲರಿಗೂ ಗೊತ್ತು. ಚೂಪು ಕಲ್ಲಿನ ದಾರಿಯಲ್ಲಿ ಅದರ ಸೈಡ್‌ವಾಲ್‌ಗೆ ಸಾಟಿ ಕಡಿಮೆ. ಆದರೆ ಇದರ ಅಳತೆಗಳು ಬಹುತೇಕ ಎಲ್‌ಟಿ. ನಗರದ ಒದ್ದೆ ರಸ್ತೆಯಲ್ಲಿ, ನುಣುಪಾದ ಮಂಜುಗಡ್ಡೆಯಲ್ಲಿ ಅದರ ಗಡಸು ರಬ್ಬರ್ ಟೊಯೊದಷ್ಟು ಹಿಡಿಯುವುದಿಲ್ಲ. ಗುರುತಿದ್ದರೂ ಶೇ 90 ಭಾಗ ಡಾಂಬರಿನಲ್ಲೇ ಓಡುವ ಗಾಡಿಗೆ ಇದನ್ನು ಹಾಕಿಸುವುದು ದುಡ್ಡು ದಂಡ. 2024ರಲ್ಲಿ ಕೆಓ3 ಬಂದಿದೆ. ಅದರ ಒಲವೂ ಕಲ್ಲುದಾರಿಯ ಕಡೆಗೇ. ನೋಕಿಯನ್ ಔಟ್‌ಪೋಸ್ಟ್ ಎನ್‌ಎಟಿ ಫಿನ್ಲೆಂಡಿನ ಕಂಪನಿಯದು, ಸೈಡ್‌ವಾಲ್‌ನಲ್ಲಿ ಅರಾಮಿಡ್ ನಾರು ಹಾಕಿರುತ್ತಾರೆ. 1934ರಲ್ಲೇ ಚಳಿಗಾಲದ ಟೈರ್ ಮಾಡಿದವರ ಅನುಭವ ಇದರಲ್ಲಿ ಕಾಣುತ್ತದೆ. ಊರಿನ ಹತ್ತಿರ ಇದನ್ನು ಮಾರುವ ಅಂಗಡಿ ಇದ್ದರೆ ಟೊಯೊ ಜೊತೆ ಇಟ್ಟು ತೂಗಿ ನೋಡುವಂಥದ್ದು.

ಕಚ್ಚಾ ರಸ್ತೆಗೆ ಇಳಿಯುವುದೇ ಇಲ್ಲವೇ? ಹಾಗಿದ್ದರೆ ಆಲ್-ಟೆರೇನ್ ಬೇಡವೇ ಬೇಡ. ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2ರಂಥ ಆಲ್-ವೆದರ್ ಟೈರ್‌ಗೂ ಅದೇ ಗುರುತಿದೆ, 60,000 ಮೈಲಿ ವಾರಂಟಿ ಇದೆ, ಮಳೆಯಲ್ಲಿ ಬ್ರೇಕ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ.

ತಪ್ಪು ಅತಿ ಹೆಚ್ಚು ಆಗುವುದು ಎಲ್‌ಟಿ ವಿಚಾರದಲ್ಲಿ. ಒಂದೇ 265/70ಆರ್17 ಅಳತೆ ಪ್ಯಾಸೆಂಜರ್ ಬಗೆಯಲ್ಲೂ ಸಿಗುತ್ತದೆ, ಎಲ್‌ಟಿಯ ಸಿ ಮತ್ತು ಇ ಲೋಡ್ ರೇಂಜ್‌ಗಳಲ್ಲೂ ಸಿಗುತ್ತದೆ. ಲೋಡ್ ರೇಂಜ್ ಎಂದರೆ ಟೈರ್ ಹೊರಬಲ್ಲ ಭಾರದ ದರ್ಜೆ: ಸಿ ಎಂದರೆ 6 ಪ್ಲೈ (ಪದರ) ಬಲ, ಇ ಎಂದರೆ 10 ಪ್ಲೈ. ಪ್ಯಾಸೆಂಜರ್ ಬಗೆಗಿಂತ ಇ ಬಗೆ ಒಂದೊಂದು ಟೈರ್‌ಗೆ ಸಾಮಾನ್ಯವಾಗಿ 4ರಿಂದ 5 ಕಿಲೊ ಹೆಚ್ಚು ತೂಗುತ್ತದೆ. ಬ್ರೇಕ್ ದೂರ, ಮೈಲೇಜ್, ಹಳ್ಳ ಬಿದ್ದ ರಸ್ತೆಯ ಕುಲುಕಾಟ ಮೂರೂ ಕೆಡುತ್ತವೆ. ಗಟ್ಟಿ ಸೈಡ್‌ವಾಲ್ ಹಗುರ ಗಾಡಿಯ ಕೆಳಗೆ ಬಾಗುವುದಿಲ್ಲ, ಟೈರ್ ರಸ್ತೆಯನ್ನು ತಬ್ಬುವುದಿಲ್ಲ, ತಣ್ಣನೆಯ ದಿನ ಅದು ಇನ್ನೂ ಹೆಚ್ಚು. ದೊಡ್ಡ ಟ್ರೇಲರ್ ಎಳೆಯುವವರು, ಪಿಕಪ್‌ನ ಹಿಂಭಾಗ ತುಂಬ ಸಾಮಾನು ಹೊರುವವರು, ಚೂಪು ಕಲ್ಲಿನ ದಾರಿಗೆ ಹೋಗುವವರು ಇ ತೆಗೆದುಕೊಳ್ಳಲಿ. ಉಳಿದವರಿಗೆ ಪ್ಯಾಸೆಂಜರ್ ಬಗೆಯೇ ಸಾಕು. ಎಲ್‌ಟಿ ಹಾಕಿಸಿದ ಮೇಲೆ ಬಾಗಿಲ ಸ್ಟಿಕ್ಕರ್‌ನಲ್ಲಿರುವಷ್ಟೇ ಗಾಳಿ ತುಂಬುವುದೂ ತಪ್ಪು. ಅದೇ ಭಾರ ಹೊರಲು ಎಲ್‌ಟಿಗೆ ಹೆಚ್ಚು ಒತ್ತಡ ಬೇಕು. ಲೋಡ್ ಪಟ್ಟಿ ತೆಗೆದು ಲೆಕ್ಕ ಮಾಡಿಕೊಡಿ ಎಂದು ಅಂಗಡಿಯವರನ್ನು ಕೇಳಿ. ಕೊಡಲಾಗದವರ ಬಳಿ ಟೈರ್ ಹಾಕಿಸಬೇಡಿ.

ಅಳತೆ ಹಿಗ್ಗಿಸುವ ಆಸೆಯೂ ಬೇಡ. ಅಗಲವಾದ ಟೈರ್ ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ವ್ಯಾಸ ಶೇ 3 ಹೆಚ್ಚಾದರೆ ಸ್ಪೀಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಫ್ಲಾಪ್‌ಗೂ ಉಜ್ಜಬಹುದು.

ಮಂಜುಗಡ್ಡೆ ಅತಿ ಜಾರುವುದು ಮೈನಸ್ 20ರಲ್ಲಲ್ಲ, ಸೊನ್ನೆಯ ಆಸುಪಾಸಿನಲ್ಲಿ. ಆಗ ಅದರ ಮೇಲೆ ತೆಳು ನೀರಿನ ಪದರ ಇರುತ್ತದೆ. ದೊಡ್ಡ ತೋಡುಗಳಿಂದಾಗಿ ಆಲ್-ಟೆರೇನ್‌ನಲ್ಲಿ ನೆಲ ಮುಟ್ಟುವ ರಬ್ಬರೇ ಕಡಿಮೆ, ಹಾಗಾಗಿ ಇಲ್ಲಿ ಅದು ಸೋಲುತ್ತದೆ. ಫೋರ್‌ವ್ಹೀಲ್ ಡ್ರೈವ್ ಹೊರಡಲು ನೆರವಾಗುತ್ತದೆ, ನಿಲ್ಲಲು ಅಲ್ಲ. ದಿನಾ ಬೆಳಗ್ಗೆ ಮಂಜುಗಡ್ಡೆ ಕಟ್ಟಿದ ಇಳಿಜಾರು ಇಳಿಯುವವರಿಗೆ ನಿಜವಾದ ಚಳಿಗಾಲದ ಟೈರ್ ಬೇಕೇ ಬೇಕು, ಅದರಲ್ಲಿ ರಾಜಿ ಬೇಡ. ಜನರಲ್ ಗ್ರ್ಯಾಬರ್ ಎ/ಟಿಎಕ್ಸ್, ಗುಡ್‌ಇಯರ್ ರಾಂಗ್ಲರ್ ಡ್ಯೂರಾಟ್ರ್ಯಾಕ್‌ಗಳಲ್ಲಿ ಮೊಳೆ ಕೂರಿಸುವ ತೂತುಗಳಿವೆ, ಆದರೆ ಮೊಳೆಯನ್ನು ಟೈರ್ ಹೊಸದಿರುವಾಗಲೇ ಹೊಡೆಸಬೇಕು. ಮಿನ್ನೆಸೋಟದ ನಿವಾಸಿಗಳಿಗೂ ದಕ್ಷಿಣ ಒಂಟಾರಿಯೊದವರಿಗೂ ಮೊಳೆ ಟೈರ್ ಕಾನೂನುಬಾಹಿರ.

ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ಹರಳಿನ ಗುರುತಿರುವ ಆಲ್-ಟೆರೇನ್ ಅಲ್ಲಿ ನಡೆಯುತ್ತದೆ, ಬರೀ ಎಂ+ಎಸ್ ನಡೆಯುವುದಿಲ್ಲ. ಕೊಲೊರಾಡೊದಲ್ಲಿ ಐ-70 ಹೆದ್ದಾರಿಯ ಮಾರಿಸನ್-ಡಾಟ್ಸೆರೊ ನಡುವೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ, ಟೈರ್‌ಗೆ ಸುತ್ತುವ ಚೈನ್ ಇಟ್ಟುಕೊಳ್ಳದ ಗಾಡಿಯ ಟೈರ್‌ನಲ್ಲಿ ಕನಿಷ್ಠ 3/16 ಇಂಚು, ಅಂದರೆ ಸುಮಾರು 4.8 ಮಿ.ಮೀ. ಆಳ ಉಳಿದಿರಬೇಕು. ಆ ರಾಜ್ಯದಲ್ಲಿ ಇಲ್ಲದವರೂ ಈ ಅಳತೆಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು: ಅದಕ್ಕಿಂತ ಸವೆದ ಟೈರ್ ಕಾನೂನಿನ 1.6 ಮಿ.ಮೀ. ಗಡಿ ದಾಟದಿದ್ದರೂ ಹಿಮದ ಮಟ್ಟಿಗೆ ಮುಗಿದದ್ದೇ. ಒಂಟಾರಿಯೊದಲ್ಲಿ ಚಳಿಗಾಲದ ಟೈರ್‌ಗೆ ವಿಮಾ ರಿಯಾಯಿತಿ ಇದೆ. ಆಲ್-ಟೆರೇನ್ ಅದಕ್ಕೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ವಿಮೆಯವರಿಂದ ಬರಹದಲ್ಲಿ ಪಡೆದುಕೊಳ್ಳಿ.

ನಾಲ್ಕೂ ಒಟ್ಟಿಗೆ ಹಾಕಿಸಿ. ಮುಂದಿನ ಎರಡಕ್ಕೆ ಮಾತ್ರ ಹೊಸದು ಹಾಕಿದರೆ ಬ್ರೇಕ್ ಹೊಡೆದಾಗ ಹಿಂಭಾಗ ಬೀಸಿ ಗಾಡಿ ತಿರುಗಿಬಿಡುತ್ತದೆ. ಸುಬಾರು ಕಾರುಗಳಲ್ಲಿ ನಾಲ್ಕು ಟೈರ್‌ಗಳ ಸುತ್ತಳತೆಯ ವ್ಯತ್ಯಾಸ ಕಾಲು ಇಂಚು ಮೀರಬಾರದು. ತೋಡಿನ ಆಳದಲ್ಲಿ ಅದು ಸುಮಾರು 1 ಮಿ.ಮೀ.ಯಷ್ಟೇ, ಮೀರಿದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಸೆಂಟರ್ ಡಿಫರೆನ್ಷಿಯಲ್‌ಗೆ ಪೆಟ್ಟು. ಅದಕ್ಕೇ 5,000ದಿಂದ 6,000 ಮೈಲಿಗೊಮ್ಮೆ ಟೈರ್ ರೊಟೇಶನ್ ತಪ್ಪಿಸಬೇಡಿ. ಸ್ಟೆಪ್ನಿ ಅದೇ ಅಳತೆಯದು, ಅದೇ ಮಾಡೆಲ್‌ನದಾಗಿದ್ದರೆ ಅದನ್ನೂ ಸೇರಿಸಿ. ಆಲ್-ಟೆರೇನ್‌ನ ದೊಡ್ಡ ಗುಂಡಿಗಳು ಒಂದು ಬದಿ ಹೆಚ್ಚು ಸವೆಯತೊಡಗಿದರೆ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ, ಆಮೇಲೆ ರೊಟೇಶನ್ ಮಾಡಿದರೂ ಅದು ಬೇಗ ಹೋಗುವುದಿಲ್ಲ.

ಚಳಿಯಲ್ಲಿ ಗಾಳಿ ಇಳಿಯುತ್ತದೆ, 5.5 ಡಿಗ್ರಿಗೆ ಸುಮಾರು 1 ಪಿಎಸ್‌ಐ ಲೆಕ್ಕ. 20 ಡಿಗ್ರಿಯ ಗ್ಯಾರೇಜ್‌ನಲ್ಲಿ 35 ತುಂಬಿಸಿದ ಟೈರ್ ಹೊರಗಿನ ಮೈನಸ್ 15ರಲ್ಲಿ 29ಕ್ಕೆ ಬಂದಿರುತ್ತದೆ. ಹೊರಗೇ ರಾತ್ರಿ ಕಳೆದ ಗಾಡಿಯಲ್ಲಿ, ಬೆಳಗ್ಗೆ ಓಡಿಸುವ ಮೊದಲು ಅಳೆಯಿರಿ. ಹಾಕಿಸುವ ದಿನ ಸೈಡ್‌ವಾಲ್‌ನ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 3524 ಎಂದಿದ್ದರೆ 2024ರ 35ನೇ ವಾರ ತಯಾರಾದದ್ದು. ನಾಲ್ಕೂ ಹತ್ತಿರ ಹತ್ತಿರದ ತಾರೀಕಿನವು ಇರಲಿ, ಎರಡು ವರ್ಷ ಗೋದಾಮಿನಲ್ಲಿ ಕೂತದ್ದಾದರೆ ಬೇರೆ ಕೇಳಿ. 50ರಿಂದ 100 ಮೈಲಿ ಓಡಿದ ಮೇಲೆ ವ್ಹೀಲ್ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಇನ್ನೊಮ್ಮೆ ಬಿಗಿ ನೋಡಿಸಿ. ಒಳ್ಳೆಯ ಅಂಗಡಿಗಳಲ್ಲಿ ಇದಕ್ಕೆ ದುಡ್ಡು ಕೇಳುವುದಿಲ್ಲ.