ಮೊಬೈಲ್, ಮೇಸ್ತ್ರಿ, ಮೇಡಂ: ಮನೆ ಕಟ್ಟೋದನ್ನು ಯಾರು ಚೆನ್ನಾಗಿ ಕಲಿಸಿದರು?

ನಾನು ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಮೂರನೇ ವರ್ಷ. ಊರು ಕೋಲಾರ, ಕಾಲೇಜು ಬೆಂಗಳೂರು. ಕಾಲೇಜಿನಲ್ಲಿ ಮ್ಯೂಸಿಯಂ, ರೆಸಾರ್ಟ್ ಅಂತ ದೊಡ್ಡದೊಡ್ಡದನ್ನೇ ಬರೆಸುತ್ತಾರೆ. ಆದರೆ ನಮ್ಮ ಮಾವ 30x40 ಸೈಟ್ ತೋರಿಸಿ "ನೀನೇ ಪ್ಲಾನ್ ಹಾಕಮ್ಮ" ಅಂದಾಗ ಕೈಕಾಲು ಆಡಲಿಲ್ಲ. ಆಮೇಲೆ ಒಂದು ವರ್ಷ ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಆನ್‌ಲೈನ್ ಕೋರ್ಸ್. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸಾಫ್ಟ್‌ವೇರ್ ಕಲಿಯೋಕೆ ಚೆನ್ನಾಗಿದೆ, ರಾತ್ರಿ ಹನ್ನೊಂದಕ್ಕೂ ಕೂರಬಹುದು. ಆದರೆ ನಾನು ತಪ್ಪು ಗೆರೆ ಎಳೆದರೂ ವಿಡಿಯೋ ಪಾಡಿಗೆ ವಿಡಿಯೋ ಓಡುತ್ತಿರುತ್ತದೆ.

ಎರಡನೆಯದು ಮಾವನ ಸೈಟು. ಎರಡು ತಿಂಗಳ ರಜೆಯಲ್ಲಿ ದಿನಾ ಬೆಳಗ್ಗೆ ಎಂಟಕ್ಕೆ ಹೋಗಿ ನಿಲ್ಲುತ್ತಿದ್ದೆ. ಮೇಸ್ತ್ರಿ ಕನ್ನಡ, ತೆಲುಗು ಕಲಸಿ ಮಾತಾಡುವ ಮನುಷ್ಯ. ನನ್ನ ಮೆಟ್ಟಿಲಿನ ಡ್ರಾಯಿಂಗ್ ನೋಡಿ ಅರ್ಧ ನಿಮಿಷಕ್ಕೇ ನಕ್ಕರು. ರೂಮಿನ ಎತ್ತರ 10 ಅಡಿ, ಅಂದರೆ 120 ಇಂಚು. 7 ಇಂಚಿನ ಮೆಟ್ಟಿಲು 17 ಸಾಕು ಅಂತ ನನ್ನ ಲೆಕ್ಕ. "ಮೋಲ್ಡ್ ದಪ್ಪ ಯಾರಮ್ಮ ಹತ್ತೋದು?" ಅಂದರು. ಮೋಲ್ಡ್ ಅಂದರೆ ಕಾಂಕ್ರೀಟ್ ಛಾವಣಿ, ಅದೇ 5 ಇಂಚು, ಅದರ ಮೇಲೆ ಟೈಲ್ಸ್. ಒಂದು ಮೆಟ್ಟಿಲನ್ನೇ ನುಂಗಿಬಿಟ್ಟಿದ್ದೆ. ಇದನ್ನು ಯಾವ ಕ್ಲಾಸಿನಲ್ಲೂ ಇಷ್ಟು ಬೇಗ ಕಲಿತಿರಲಿಲ್ಲ. ತೂಗುಗುಂಡು ಹಿಡಿಯೋದು, ದಾರ ಕಟ್ಟಿ 3, 4, 5 ಅಡಿ ಅಳೆದು ಮೂಲೆಯನ್ನು ಸರಿಯಾಗಿ 90 ಡಿಗ್ರಿಗೆ ತರೋದು, ಮಾಲೂರು ಇಟ್ಟಿಗೆ ತಟ್ಟಿ ಸದ್ದು ಕೇಳೋದು, ಎಲ್ಲಾ ಅಲ್ಲೇ ಬಂತು.

ಆದರೆ "ಯಾಕೆ" ಅಂತ ಕೇಳಿದರೆ "ಹಂಗೇ ಮಾಡೋದು" ಅನ್ನೋದೇ ಉತ್ತರ. ಮೋಲ್ಡ್ ಹಾಕುವ ದಿನ ಕಂಬಿ ಕೆಳಗೆ ಕವರ್ ಬ್ಲಾಕ್ (ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಬದಲು ಜಲ್ಲಿ ಚೂರು ಇಟ್ಟರು. ಅದು ತಪ್ಪು ಅಂತ ಆಗ ನನಗೂ ಗೊತ್ತಿರಲಿಲ್ಲ. ಸುಮ್ನೆ ನೋಡ್ತಾ ನಿಂತೆ.

ಮೂರನೆಯದು ಊರಲ್ಲೇ ಇರುವ ಹಿರಿಯ ಆರ್ಕಿಟೆಕ್ಟ್ ಮೇಡಂ ಹತ್ತಿರ ಮೆಂಟರ್‌ಶಿಪ್. ತಿಂಗಳಿಗೆ ಎರಡು ಶನಿವಾರ. ಹೋಗೋಕೆ ಮೊದಲು ಹೆದರಿಕೆ ಇತ್ತು. ಹಿಂದೆ ಒಂದು ಆಫೀಸು ಮೆಂಟರ್‌ಶಿಪ್ ಅಂತ ಕರೆದು ಒಂದು ತಿಂಗಳು ಬರೀ ಟಾಯ್ಲೆಟ್ ಟೈಲ್ಸ್ ಡ್ರಾಯಿಂಗ್ ಮಾಡಿಸಿತ್ತು, ಅದೂ ಬಿಟ್ಟಿ.

ಮೇಡಂ ಮೊದಲ ದಿನ ಪೆನ್ಸಿಲ್ ಮುಟ್ಟಿಸಲೇ ಇಲ್ಲ. "ನಿಮ್ಮಜ್ಜಿ ಮನೆ ಅಳೆದುಕೊಂಡು ಬಾ" ಅಂದರು. ಅದು ಕಲ್ಲು ಚಪ್ಪಡಿ ಹೊದಿಸಿದ ಹಳೇ ಮನೆ. ರೂಮುಗಳೆಲ್ಲ ಕಿರಿದು, ಉದ್ದ. "ಯಾಕೆ ಕಿರಿದು?" ಅಂದರು. ಜಾಗ ಇರಲಿಲ್ಲವೇನೋ ಅಂದೆ. ಅಲ್ಲ ಅಂತ ಬಿಡಿಸಿ ಹೇಳಿದರು. ಕಲ್ಲು ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಗ್ಗಿದರೆ ತಳಭಾಗ ಹಿಗ್ಗಿ ಬಿರುಕು ಬಿಡುತ್ತದೆ. ಹಾಗಾಗಿ ಗೋಡೆ ಗೋಡೆ ನಡುವೆ ಜಾಸ್ತಿ ಅಂತರ ಕೊಡೋಕಾಗಲ್ಲ. ಕಾಂಕ್ರೀಟಿನದ್ದೂ ಅದೇ ಗುಣ. ಅದಕ್ಕೇ ರೂಮಿನ ನಡುವೆ ಮೋಲ್ಡಿನ ತಳಭಾಗದಲ್ಲಿ ಕಂಬಿ. ಆ ಕಂಬಿಗೆ ತುಕ್ಕು ಹಿಡಿಯಬಾರದು, ಅದಕ್ಕೇ ಕೆಳಗೆ 20 ಮಿಲಿಮೀಟರ್ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ. ಕಂಬಿ ಮೇಲೆ ಜನ ಓಡಾಡಿದರೆ ಜಲ್ಲಿ ಚೂರು ಜಾರಿಕೊಳ್ಳುತ್ತದೆ, ಆಗ ಆ ಕವರ್ ಉಳಿಯಲ್ಲ. ಅಜ್ಜಿ ಮನೆಯಿಂದ ಮಾವನ ಮೋಲ್ಡ್ ತನಕ ಒಂದೇ ದಾರದಲ್ಲಿ ಪೋಣಿಸಿಬಿಟ್ಟರು!

ಮೆಟ್ಟಿಲಿಗೂ ಒಂದು ಸೂತ್ರ ಕೊಟ್ಟರು. ಒಂದು ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಕಾಲಿಡುವ ಜಾಗದ ಅಗಲ ಕೂಡಿದರೆ 24 ಇಂಚಿನ ಹತ್ತಿರ ಬರಬೇಕು. 7 ಇಂಚು ಎತ್ತರಕ್ಕೆ 10 ಇಂಚು ಅಗಲ. ಮೇಸ್ತ್ರಿ ಕಣ್ಣಳತೆಯಲ್ಲೇ ಇಡೋದೂ ಇದೇ!

ಕೊರತೆ ಇಲ್ಲ ಅಂತಲ್ಲ. ತುಂಬಾ ನಿಧಾನ. ಆರು ತಿಂಗಳಾದರೂ ಒಂದೇ ಮನೆ ಬರೆದಿದ್ದೇನೆ, ಅದನ್ನೂ ನಾಲ್ಕು ಸಲ ಅಳಿಸಿದ್ದೇನೆ. ಕೈಗೆ ಸಿಮೆಂಟ್ ಅಂಟೋದೂ ಇಲ್ಲ.

ಒಂದೇ ಆರಿಸಿ ಅಂದರೆ ಮೇಡಂ ಅನ್ನುತ್ತೇನೆ. ಆದರೆ ಮೊದಲು ಸೈಟಿಗೆ ಹೋಗಿದ್ದಕ್ಕೇ ಅವರ ಪ್ರಶ್ನೆ ನನಗೆ ಅರ್ಥವಾಗಿದ್ದು ಅನಿಸುತ್ತದೆ. ಎರಡು ರಜೆ ಇದ್ದರೆ ಒಂದನ್ನು ಮೇಸ್ತ್ರಿಗೆ ಕೊಡಿ.

ಮಾವನ ಮೊದಲ ಮಹಡಿ ಮೋಲ್ಡಿಗೆ ನಾನೇ ಒಂದು ಚೀಲ ಕವರ್ ಬ್ಲಾಕ್ ತಂದೆ. "ಕ್ಯೂರಿಂಗ್‌ಗೆ 10 ದಿನ ತಪ್ಪದೆ ನೀರು ಹಾಕಿ, ಬಿಸಿಲಿದೆ" ಅಂತಾನೂ ಅಂದೆ. ಮೇಸ್ತ್ರಿ ಚೀಲ ಬಿಚ್ಚುತ್ತಾ, "ಟ್ಯಾಂಕರ್ ನೀರಿಗೆ ನಿಮ್ಮ ಮಾವನ್ನ ಒಪ್ಪಿಸಮ್ಮ ಮೊದ್ಲು" ಅಂದರು.